ಗೋಡೆ ಕಟ್ಟೋದು ಯಾರ ಕೆಲಸ? ಟೊರೆಸ್ ದ್ವೀಪಗಳು ಕೇಳುತ್ತಿರುವ ಪ್ರಶ್ನೆ

ಆಸ್ಟ್ರೇಲಿಯಾ ಅಂದ ಕೂಡಲೇ ನಮಗೆ ನೆನಪಾಗೋದು ಸಿಡ್ನಿ, ಮೆಲ್ಬರ್ನ್, ಕ್ರಿಕೆಟ್. ಅದೇ ದೇಶದ ಉತ್ತರದ ತುದಿಯಲ್ಲಿ, ಪಪುವಾ ನ್ಯೂಗಿನಿಯ ದಡದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಸೈಬಾಯ್ ಮತ್ತು ಬೊಯ್ಗು ಎಂಬ ಎರಡು ದ್ವೀಪಗಳಿವೆ. ಎರಡೂ ಕೆಸರುಮಣ್ಣಿನ ನೆಲ. ಬಹುಭಾಗ ಸಮುದ್ರಮಟ್ಟಕ್ಕಿಂತ ಎರಡು ಮೀಟರ್ ಕೂಡ ಎತ್ತರವಿಲ್ಲ. ದೊಡ್ಡ ಉಬ್ಬರ ಬಂದರೆ ಉಪ್ಪುನೀರು ಮನೆಯಂಗಳಕ್ಕೆ, ತೋಟಕ್ಕೆ, ಸ್ಮಶಾನಕ್ಕೆ ನುಗ್ಗುತ್ತದೆ.

ಈ ದ್ವೀಪಗಳನ್ನು ನೋಡಿಕೊಳ್ಳೋದು ಟೊರೆಸ್ ಸ್ಟ್ರೈಟ್ ಐಲ್ಯಾಂಡ್ ಪ್ರಾದೇಶಿಕ ಕೌನ್ಸಿಲ್. 2008ರಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರ 15 ಸಣ್ಣ ದ್ವೀಪ ಕೌನ್ಸಿಲ್‌ಗಳನ್ನು ಒಂದಾಗಿಸಿ ಇದನ್ನು ಮಾಡಿತು. ಜನಸಂಖ್ಯೆ ನಾಲ್ಕು ಸಾವಿರ ಚಿಲ್ಲರೆ. ಒಂದು ಊರಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ದೋಣಿ, ಇಲ್ಲವೇ ಪುಟ್ಟ ವಿಮಾನ. ಭೂಮಿಯ ಬಹುಪಾಲು ಸಮುದಾಯದ ಒಡೆತನದಲ್ಲಿದೆ, ಇಲ್ಲವೇ ಟ್ರಸ್ಟ್ ಹೆಸರಲ್ಲಿದೆ. ಹಾಗಾಗಿ ನಗರಗಳಂತೆ ಆಸ್ತಿ ತೆರಿಗೆಯಿಂದ ಬೊಕ್ಕಸ ತುಂಬಿಸಿಕೊಳ್ಳುವ ದಾರಿ ಈ ಕೌನ್ಸಿಲ್‌ಗಿಲ್ಲ. ಮೇಲಿನ ಸರ್ಕಾರಗಳ ಅನುದಾನವೇ ಗತಿ.

ಈಗ ಲೆಕ್ಕ ಹಾಕಿ ನೋಡಿ. ಇಲ್ಲಿ ಸಮುದ್ರ ವರ್ಷಕ್ಕೆ ಸುಮಾರು 6 ಮಿಲಿಮೀಟರ್ ಏರುತ್ತಿದೆ. ಜಾಗತಿಕ ಸರಾಸರಿಯ ಹತ್ತಿರ ಹತ್ತಿರ ದುಪ್ಪಟ್ಟು. ಸೈಬಾಯ್‌ನ ತಡೆಗೋಡೆ 2017ರಲ್ಲಿ ಮುಗಿಯಿತು. ಮುಂದಿನ ಹಂತಕ್ಕೆ ಎರಡು ಸರ್ಕಾರಗಳು ಸೇರಿ 4 ಕೋಟಿ ಡಾಲರ್ ಘೋಷಿಸಿದವು. ಕಡಿಮೆ ಹಣವೇನಲ್ಲ. ಆದರೆ ಪ್ರತಿ ಸಲವೂ ಕೌನ್ಸಿಲ್ ಅರ್ಜಿ ಹಿಡಿದು ಕಾಯಬೇಕು, ಸಮುದ್ರ ಮಾತ್ರ ಕಾಯುವುದಿಲ್ಲ.

ಅದಕ್ಕೇ ಜನ ಕೋರ್ಟಿಗೆ ಹೋದರು. 2022ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ, ದ್ವೀಪವಾಸಿಗಳ ಮನೆ, ಕುಟುಂಬ ಮತ್ತು ಸಂಸ್ಕೃತಿಯ ಹಕ್ಕುಗಳನ್ನು ಕಾಪಾಡಲು ಆಸ್ಟ್ರೇಲಿಯಾ ಸೋತಿದೆ ಎಂದಿತು. ಬೊಯ್ಗುವಿನ ಪಬಾಯ್ ಪಬಾಯ್, ಸೈಬಾಯ್‌ನ ಪಾಲ್ ಕಬಾಯ್ ಎಂಬ ಇಬ್ಬರು ಹಿರಿಯರು 2021ರಲ್ಲೇ ಕೇಂದ್ರ ಸರ್ಕಾರದ ಮೇಲೆ ದಾವೆ ಹೂಡಿದ್ದರು. ಅವರ ವಾದ ಸರಳ: ನಮ್ಮನ್ನು ಕಾಯುವ ಹೊಣೆ ನಿಮ್ಮದು, ನೀವು ಅದನ್ನು ಮಾಡಿಲ್ಲ.

2025ರ ಜುಲೈ 15ರಂದು ಫೆಡರಲ್ ಕೋರ್ಟ್ ತೀರ್ಪು ಬಂತು. ಅವರು ಸೋತರು. ಆದರೆ ತೀರ್ಪನ್ನು ಗಮನಿಸಿ. 2015, 2020 ಮತ್ತು 2021ರಲ್ಲಿ ಹೊರಸೂಸುವಿಕೆಯ ಗುರಿ ನಿಗದಿ ಮಾಡುವಾಗ ಸರ್ಕಾರ ಲಭ್ಯವಿದ್ದ ವಿಜ್ಞಾನಕ್ಕೆ ಬೆಲೆ ಕೊಡಲಿಲ್ಲ ಎಂದು ನ್ಯಾಯಾಧೀಶರೇ ಒಪ್ಪಿದರು. ದ್ವೀಪಗಳಿಗೆ ಆಗುತ್ತಿರುವ ಹಾನಿಯನ್ನೂ ಒಪ್ಪಿದರು. ಆದರೂ ಇದು ಸರ್ಕಾರದ ನೀತಿಯ ವಿಷಯ, ಈಗಿನ ನಿರ್ಲಕ್ಷ್ಯ ಕಾನೂನಿನಡಿ ಹೊಣೆ ಹೊರಿಸಲಾಗದು ಎಂದರು. ದ್ವೀಪದ ಪದ್ಧತಿ-ಸಂಪ್ರದಾಯಗಳು, ಅಂದರೆ 'ಐಲನ್ ಕಸ್ಟಮ್', ಅಳಿಯುತ್ತಿರುವುದಕ್ಕೆ ಆ ಕಾನೂನಿನಲ್ಲಿ ಪರಿಹಾರವೂ ಇಲ್ಲ. ಎಂಟು ದಿನಗಳ ನಂತರ ಅಂತರರಾಷ್ಟ್ರೀಯ ನ್ಯಾಯಾಲಯ, ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ ಎಂಬ ಅಭಿಪ್ರಾಯ ಕೊಟ್ಟಿತು.

ಅಂದರೆ ಏನಾಯ್ತು? ಕೋರ್ಟ್ ಸಂಸತ್ತಿನ ಕಡೆ ಕೈ ತೋರಿಸಿತು. ಸಂಸತ್ತಿನ ಲೆಕ್ಕಾಚಾರದಲ್ಲಿ ನಾಲ್ಕು ಸಾವಿರ ಜನರ ಮತ ಎಷ್ಟು ತೂಗುತ್ತೆ? ಕೊನೆಗೆ ಮರಳಚೀಲ ಹೊರೋದು ಊರಿನವರೇ, ಉತ್ತರ ಕೊಡಬೇಕಾದ್ದು ಕೌನ್ಸಿಲೇ.

'ಹಾಗಿದ್ರೆ ಅಲ್ಲಿಂದ ಎದ್ದು ಹೋಗಬಾರದಾ?' ಅನ್ನುವವರಿದ್ದಾರೆ. ಹೋದವರೂ ಇದ್ದಾರೆ. 1940ರ ದಶಕದ ಕೊನೆಯಲ್ಲಿ ಪ್ರವಾಹದ ಕಾಟಕ್ಕೆ ಸೈಬಾಯ್‌ನ ಹಲವು ಕುಟುಂಬಗಳು ಕೇಪ್ ಯಾರ್ಕ್‌ಗೆ ಬಂದು ಬಮಾಗ ಎಂಬ ಊರು ಕಟ್ಟಿದವು. ಆದರೆ ಉಳಿದವರಿಗೆ ಆ ನೆಲ ಬರೀ ಸೈಟ್ ಅಲ್ಲ. ಇದೇ ಜಲಸಂಧಿಯ ಮೇರ್ ದ್ವೀಪದ ಎಡ್ಡಿ ಮಾಬೊ ಹೂಡಿದ ಮೊಕದ್ದಮೆಯಿಂದಲೇ 1992ರಲ್ಲಿ ಮೂಲನಿವಾಸಿಗಳ ಭೂಹಕ್ಕಿಗೆ ಆಸ್ಟ್ರೇಲಿಯಾದ ಕಾನೂನು ಮನ್ನಣೆ ಕೊಟ್ಟಿದ್ದು. ಹಕ್ಕನ್ನು ಕಾಗದದಲ್ಲಿ ಒಪ್ಪಿ, ನೆಲವನ್ನು ನೀರಿಗೆ ಬಿಟ್ಟರೆ ಆ ಹಕ್ಕಿಗೆ ಅರ್ಥವೇನು?

ಬೇಕಾಗಿರೋದು ಎರಡು. ಅರ್ಜಿಗೊಮ್ಮೆ ಬರುವ ಅನುದಾನದ ಬದಲು, ಕಾನೂನಿನಲ್ಲೇ ಖಾತ್ರಿಯಾದ ದೀರ್ಘಾವಧಿ ಹಣ. ಜೊತೆಗೆ, ಕಲ್ಲಿದ್ದಲು ಮತ್ತು ಅನಿಲ ರಫ್ತಿನಿಂದ ಗಳಿಸುವ ದೇಶ ತನ್ನ ಹೊರಸೂಸುವಿಕೆಗೆ ಕಡಿವಾಣ ಹಾಕೋದು. ಮೊದಲನೆಯದು ಮಾತ್ರ ಆದರೆ ಗೋಡೆಯನ್ನು ಮತ್ತೆ ಮತ್ತೆ ಎತ್ತರಿಸುತ್ತಲೇ ಇರಬೇಕಾಗುತ್ತದೆ, ಅಷ್ಟೇ.