ಹಳೆಯ ವಿದ್ಯಾರ್ಥಿನಿಯರಿಗೆ ಒಂದು ತಿದ್ದುಪಡಿ

ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವಳು ಶಾಲೆಯ ಏಳಿಗೆಯ ವರದಿಯನ್ನೊಪ್ಪಿಸಿ, ದಾನಿಗಳನ್ನು ವಂದಿಸಿ ಮುಗಿಸುವದು ವಾಡಿಕೆ. ವರದಿಯು ಬೇರೆ ಪುಟಗಳಲ್ಲಿದೆ. ಇಲ್ಲಿ ನಾನು ಬರೆಯಹೊರಟಿರುವದು ನನ್ನದೇ ಒಂದು ತಪ್ಪಿನ ವಿಷಯ. ಹದಿನೈದು ವರುಷಗಳಿಂದ ನನ್ನಲ್ಲಿ ಕನ್ನಡವನ್ನೋದಿದ ಹೆಣ್ಣುಮಕ್ಕಳ ನೋಟುಪುಸ್ತಕಗಳಲ್ಲಿ ಆ ತಪ್ಪು ಇಂದಿಗೂ ಉಳಿದಿದ್ದೀತು. ವಿಜಯನಗರದಲ್ಲಿಯೋ ಬಸವೇಶ್ವರನಗರದಲ್ಲಿಯೋ ಸಂಸಾರ ಹೂಡಿ, ಅದನ್ನೇ ತಮ್ಮ ಮಕ್ಕಳಿಗೂ ಹೇಳಿಕೊಡುತ್ತಿರುವವರುಂಟೆಂದು ಬಲ್ಲೆನು.

'ಕ್ರಿಸ್ತಶಕ ಎರಡನೆಯ ಶತಮಾನದಲ್ಲಿಯೇ ಗ್ರೀಕ್ ನಾಟಕವೊಂದರಲ್ಲಿ ಪಾತ್ರಧಾರಿಗಳು ಕನ್ನಡವನ್ನಾಡಿದರು' ಎಂಬುದೇ ಆ ವಾಕ್ಯ. ರಾಜ್ಯೋತ್ಸವದ ಭಾಷಣಸ್ಪರ್ಧೆಯಲ್ಲಿ ಇದನ್ನು ಗಟ್ಟಿಯಾಗಿ ನುಡಿದವಳಿಗೆ ಎಂದೂ ಚಪ್ಪಾಳೆ ತಪ್ಪಿದ್ದಿಲ್ಲ. ಹೋದ ನವೆಂಬರಿನಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ಕೆಂಗೇರಿಯಿಂದ ಬರುವವಳು, ವೇದಿಕೆಯ ಮೇಲೆ ನಿಂತು, "ಇದು ಸಿದ್ಧವಾದ ಸಂಗತಿಯಲ್ಲ, ಊಹೆ" ಎಂದುಬಿಟ್ಟಳು. ಸಭೆ ತಣ್ಣಗಾಯಿತು. ತೀರ್ಪುಗಾರರಲ್ಲಿ ನಾನೂ ಒಬ್ಬಳು. ಅವಳ ಅಂಕಗಳನ್ನು ಕಡಿಮೆ ಮಾಡಿದವಳೂ ನಾನೇ. ಮರುದಿನ ಅವಳು ನನ್ನ ಕೊಠಡಿಗೆ ಬಂದು ಕೇಳಿದ್ದಿಷ್ಟು: "ಮಿಸ್, ಆ ನಾಟಕದಲ್ಲಿ 'ಹಾಕಿ' ಎಂಬ ಶಬ್ದವಿದೆಯಂತೆ. ಹಳೆಯ ಕಾಲದಲ್ಲಿ ಹಾಲು 'ಪಾಲ್' ಆಗಿತ್ತು, ಹೂವು 'ಪೂ' ಆಗಿತ್ತು ಎಂದು ವ್ಯಾಕರಣದ ಪಾಠದಲ್ಲಿ ನೀವೇ ಹೇಳಿದಿರಿ. 'ಹಾಕಿ' ಮಾತ್ರ ಹೇಗೆ 'ಹಾಕಿ'ಯಾಗಿಯೇ ಇತ್ತು?" ನನಗೆ ಉತ್ತರ ತೋಚಲಿಲ್ಲ. ಬೇಸಿಗೆಯ ರಜೆಯು ಅದನ್ನು ಹುಡುಕುವದರಲ್ಲಿಯೇ ಕಳೆಯಿತು.

ಐಗುಪ್ತ ದೇಶದಲ್ಲಿ ಆಕ್ಸಿರಿಂಕಸ್ ಎಂಬ ಹಾಳುಪಟ್ಟಣವುಂಟು. ಅದರ ಹೊರಗಿನ ತಿಪ್ಪೆಗಳನ್ನು 1896-97ರ ಚಳಿಗಾಲ ಮೊದಲ್ಗೊಂಡು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಆಕ್ಸ್‌ಫರ್ಡಿನ ಇಬ್ಬರು ತರುಣ ಪಂಡಿತರು ಅಗೆಯಿಸಿದರು. ಮಳೆ ಕಾಣದ ನಾಡಾದ್ದರಿಂದ ಅಲ್ಲಿ ಎಸೆದ ಪಪೈರಸ್ ಹಾಳೆಗಳು ಕೊಳೆತಿರಲಿಲ್ಲ. ವೃಷಭಾವತಿಯ ದಡದ ಕಸವನ್ನು ಮೂಗು ಮುಚ್ಚಿಕೊಂಡು ದಾಟಿ ಬರುವ ನಮ್ಮ ಮಕ್ಕಳಿಗೆ ತಿಪ್ಪೆಯಲ್ಲಿ ವಿದ್ಯೆ ಸಿಕ್ಕಿತೆಂದರೆ ನಗು ಬರುತ್ತದೆ, ಆದರೂ ನಿಜ. ತೆರಿಗೆಯ ಲೆಕ್ಕಗಳು, ಸಾಲದ ಪತ್ರಗಳು, ತಂದೆಯ ಮೇಲೆ ಮುನಿದ ಹುಡುಗನ ಓಲೆ, ಹೋಮರನ ಕಾವ್ಯದ ಚೂರುಗಳು, ಇವುಗಳ ನಡುವೆ ಒಂದು ಹಾಳೆಯಲ್ಲಿ ಹಂಟನ ಕಣ್ಣು ಒಂದು ಗ್ರೀಕ್ ಶಬ್ದದ ಮೇಲೆ ನಿಂತಿತು. ನಮ್ಮ ಕನ್ನಡ ಬೈಬಲಿನಲ್ಲಿ ಅದು 'ರವೆ', ಸಹೋದರನ ಕಣ್ಣಿನೊಳಗಣ ರವೆ. (ಪ್ರಾರ್ಥನೆಯ ವೇಳೆಯಲ್ಲಿ ಈ ಶಬ್ದ ಬಂದಾಗಲೆಲ್ಲ ಉಪ್ಪಿಟ್ಟನ್ನು ನೆನೆದು ಕಿಸಕ್ಕೆಂದವರು ಯಾರು ಯಾರೆಂಬುದು ನನಗೆ ಮರೆತಿಲ್ಲ.) ಅದೊಂದು ಶಬ್ದದ ಗುರುತಿನಿಂದ ಆ ಹಾಳೆಯು ಯೇಸುವಿನ ವಚನಗಳದೆಂದು ತಿಳಿದುಬಂದಿತು. ಆದರೆ ಅವುಗಳಲ್ಲಿ ಕೆಲವು ನಾಲ್ಕು ಸುವಾರ್ತೆಗಳಲ್ಲಿ ಎಲ್ಲಿಯೂ ಇಲ್ಲ. ಯಾವ ಗ್ರಂಥದಿಂದ ಬಂದವೆಂಬುದಕ್ಕೆ ಊಹೆಗಳು ಹಲವಾದವು. 1945ರಲ್ಲಿ ಅದೇ ದೇಶದ ನಾಗ್ ಹಮ್ಮಾದಿಯಲ್ಲಿ ಕಾಪ್ಟಿಕ್ ಭಾಷೆಯ ತೋಮನ ಸುವಾರ್ತೆ ದೊರೆತು, ಅದರೊಡನೆ ಹೋಲಿಸಿದ ಮೇಲೆಯೇ ಈ ಹಾಳೆಯ ಮೂಲವು ಸ್ಥಿರವಾಯಿತು. ಅರ್ಧ ಶತಮಾನದ ತನಕ ಅದು ಹೆಸರಿಲ್ಲದ ಹಾಳೆಯಾಗಿಯೇ ಇದ್ದಿತು. ಅದರಿಂದ ಯಾರ ಭಕ್ತಿಗೂ ಕುಂದು ಬರಲಿಲ್ಲ.

ನಮ್ಮ ಪ್ರಹಸನವು ಬಂದುದೂ ಆ ತಿಪ್ಪೆಗಳಿಂದಲೇ. 1903ರಲ್ಲಿ 413ನೆಯ ಸಂಖ್ಯೆಯಾಗಿ ಅಚ್ಚಾಯಿತು. ಖಾರಿಟಿಯನ್ ಎಂಬ ಗ್ರೀಕ್ ಕನ್ಯೆಯು ಹಿಂದೂದೇಶದ ಕಡಲ ತೀರದಲ್ಲಿ ಅರಸನೊಬ್ಬನ ಸೆರೆಯಾಗಿದ್ದಾಳೆ. ಅಣ್ಣನು ಸಂಗಡಿಗರೊಡನೆ ಬಂದು, ಅರಸನಿಗೂ ಅವನ ಪರಿವಾರಕ್ಕೂ ನೀರು ಬೆರಸದ ದ್ರಾಕ್ಷಾರಸವನ್ನು ಕುಡಿಸಿ, ಅವಳನ್ನು ಹಡಗಿನಲ್ಲಿ ಕರೆದೊಯ್ಯುತ್ತಾನೆ. ವಿದೂಷಕನ ಹಾಸ್ಯವು ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಬರೆಯತಕ್ಕದ್ದಲ್ಲ. ಅರಸನ ಕಡೆಯವರು ಗ್ರೀಕರಿಗೆ ತಿಳಿಯದ ಒಂದು ಭಾಷೆಯನ್ನಾಡುತ್ತಾರೆ. ಮದರಾಸು ಸರಕಾರದಲ್ಲಿ ಶಾಸನತಜ್ಞರಾಗಿದ್ದ ಜರ್ಮನ್ ಪಂಡಿತ ಹುಲ್ಚ್ ಅವರು 1904ರಲ್ಲಿ ಅದು ಕನ್ನಡವೆಂದರು. 'ಬೇರೆ', 'ಕೊಂಚ', 'ಪಾತ್ರಕ್ಕೆ', 'ಹಾಕಿ' ಎಂಬ ಶಬ್ದಗಳನ್ನು ಅದರಲ್ಲಿ ಕಂಡರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ನಮ್ಮ ಮೈಸೂರಿನ ಶಾಮಶಾಸ್ತ್ರಿಗಳೂ ಆ ಪಕ್ಷವನ್ನೇ ಹಿಡಿದರು. ಆದರೆ 1926ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಬಾರ್ನೆಟ್ ಅವರು ಇದನ್ನು ಒಪ್ಪದೆ ಖಂಡಿಸಿದರು. ಬಾರ್ನೆಟ್ ಅವರು ಕನ್ನಡವನ್ನರಿಯದವರಲ್ಲ. ಆ ಸಂಗ್ರಹಾಲಯದ ಕನ್ನಡ ಪುಸ್ತಕಗಳ ಪಟ್ಟಿಯನ್ನು ಮಾಡಿದವರೇ ಅವರು. ತರುವಾಯ ತುಳುವೆಂಬ ವಾದವೂ ಹುಟ್ಟಿತು.

ನನ್ನ ಹುಡುಗಿಯ ಪ್ರಶ್ನೆಯೇ ನನಗೆ ಹೆಚ್ಚು ಗಟ್ಟಿಯಾಗಿ ಕಂಡಿದೆ. ಪದದ ಮೊದಲಿನ 'ಪ'ಕಾರವು 'ಹ'ಕಾರವಾಗತೊಡಗಿದ್ದು ಸುಮಾರು ಹತ್ತನೆಯ ಶತಮಾನದ ಹೊತ್ತಿಗೆ; ಪಂಪನಲ್ಲಿ ಇನ್ನೂ 'ಪ'ಕಾರವೇ. ಗ್ರೀಕ್ ಲಿಪಿಯಲ್ಲಿ 'ಹ'ಕಾರಕ್ಕೆ ಪ್ರತ್ಯೇಕ ಅಕ್ಷರವಿಲ್ಲವಾದ್ದರಿಂದ ಅದು ಬಿಟ್ಟುಹೋಗಿದೆಯೆಂದು ಹೇಳಬಹುದು. ಆದರೆ ಎರಡನೆಯ ಶತಮಾನದ ಕನ್ನಡಿಗನು ಆಡಬೇಕಾಗಿದ್ದುದು 'ಪ'ಕಾರವನ್ನು; 'ಪ'ಕಾರಕ್ಕೆ ಗ್ರೀಕರಲ್ಲಿ ಒಳ್ಳೆಯ ಅಕ್ಷರವುಂಟು. ನಮ್ಮ ಹಲ್ಮಿಡಿ ಶಾಸನದ ಕಾಲ ಸುಮಾರು 450. ಅದಕ್ಕೂ ಮುನ್ನೂರು ವರುಷಗಳ ಹಿಂದಿನ ನುಡಿಯು ನಮ್ಮ ಅಡುಗೆಮನೆಯ ಮಾತಿನಂತೆಯೇ ಇದ್ದಿತೆಂದರೆ, ಸಂತೋಷಕ್ಕಿಂತ ಸಂಶಯವೇ ಮೊದಲು ಹುಟ್ಟಬೇಕಾಗಿದ್ದಿತು. ನನಗೆ ಹದಿನೈದು ವರುಷ ಹುಟ್ಟಲಿಲ್ಲ.

ಇದನ್ನು ಅಚ್ಚು ಹಾಕಿಸುವೆನೆಂದಾಗ ನಮ್ಮ ಉಪಾಧ್ಯಾಯಿನಿಯರಲ್ಲಿ ಒಬ್ಬರು, "ಕನ್ನಡದ ಮಾನವನ್ನು ನಾವೇ ಕಳೆಯಬೇಕೆ?" ಎಂದು ನೊಂದುಕೊಂಡರು. ಅವರ ನೋವು ಹುಸಿಯಲ್ಲ. ಆದರೆ ಆ ಶತಮಾನದಲ್ಲಿಯೇ ಟಾಲೆಮಿ ಎಂಬ ಗ್ರೀಕ್ ಭೂಗೋಳಜ್ಞನು ನಮ್ಮ ಬನವಾಸಿಯ ಹೆಸರನ್ನು ಬರೆದಿಟ್ಟಿದ್ದಾನೆ. ಐಗುಪ್ತದ ಹಡಗುಗಳು ನಮ್ಮ ಪಡುವಣ ಕರಾವಳಿಗೆ ಮೆಣಸಿಗಾಗಿ ಬಂದುದೂ ದಿಟ. ತೂಕಕ್ಕೆ ನಿಲ್ಲುವ ಬಂಗಾರವು ಕೈಯಲ್ಲಿರುವಾಗ ಗಿಲೀಟಿನ ಒಡವೆಯನ್ನು ತೊಟ್ಟುಕೊಂಡು ಮದುವೆಗೆ ಹೋಗುವವರುಂಟೆ?

ಇನ್ನು ತಾಯ್ತಂದೆಗಳಿಗೆ ಒಂದು ಮಾತು. "ಇಂಥ ಹಳೆಯ ಹಾಳೆಗಳಿಂದ ಹುಡುಗಿಗೆ ಯಾವ ಉದ್ಯೋಗ ಸಿಕ್ಕೀತು?" ಎಂದು ನೀವು ಕೇಳುವಿರಿ, ಉತ್ತರ ಸುಲಭವಲ್ಲ, ಮನೆಯ ಕಷ್ಟವನ್ನು ನಾನೂ ಬಲ್ಲೆನು. ಆದರೂ ಆಗ್ನೆಸ್ ಮತ್ತು ಮಾರ್ಗರೆಟ್ ಸ್ಮಿತ್ ಎಂಬ ಅವಳಿಜವಳಿ ಸಹೋದರಿಯರ ಕಥೆಯನ್ನು ಕೇಳಿರಿ. ಹೆಂಗಸರಿಗೆ ಕೇಂಬ್ರಿಜ್ ವಿಶ್ವವಿದ್ಯಾನಿಲಯವು ಪದವಿ ಕೊಡದಿದ್ದ ಕಾಲದಲ್ಲಿ ಇಬ್ಬರೂ ಮನೆಯಲ್ಲಿಯೇ ಭಾಷೆಗಳನ್ನು ಕಲಿತರು. 1892ರಲ್ಲಿ ಒಂಟೆಯ ಮೇಲೆ ಸೀನಾಯಿ ಬೆಟ್ಟದ ಮಠಕ್ಕೆ ಹೋಗಿ, ಅಂಟಿಕೊಂಡಿದ್ದ ಹಾಳೆಗಳನ್ನು ಕೆಟಲಿನ ಹಬೆಯಿಂದ ಬಿಡಿಸಿ, ಸಂತಸ್ತ್ರೀಯರ ಚರಿತ್ರೆಗಳ ಅಡಿಯಲ್ಲಿ ಅಳಿಸಿಹೋಗಿದ್ದ ಸುವಾರ್ತೆಗಳ ಅತಿ ಪುರಾತನ ಸಿರಿಯಾಕ್ ಭಾಷಾಂತರವನ್ನು ಕಂಡರು. ಆಗ್ನೆಸಳು ಹೊರಡುವ ಮುಂಚೆಯೇ ಸಿರಿಯಾಕ್ ಕಲಿತುಕೊಂಡಿದ್ದಳು. ಇಲ್ಲವಾದರೆ ಅದು ಅವಳ ಕಣ್ಣಿಗೆ ಬರಿಯ ಕೊಳಕು ಪುಸ್ತಕವಾಗಿರುತ್ತಿತ್ತು. ಹುಡುಗಿ ಕೇಳುವ ಪ್ರಶ್ನೆಯನ್ನು 'ಪರೀಕ್ಷೆಗೆ ಬರುವದಿಲ್ಲ' ಎಂದು ಬಾಯಿ ಮುಚ್ಚಿಸದಿದ್ದರೆ ಸದ್ಯಕ್ಕೆ ಸಾಕು. ಮುಚ್ಚಿಸಿದವರಲ್ಲಿ ನಾನೂ ಒಬ್ಬಳಾದ್ದರಿಂದ ಹೇಳುತ್ತೇನೆ.

ನೋಟುಪುಸ್ತಕಗಳನ್ನು ಇಟ್ಟುಕೊಂಡಿರುವ ಹಳೆಯ ವಿದ್ಯಾರ್ಥಿನಿಯರು 'ಕನ್ನಡವನ್ನಾಡಿದರು' ಎಂಬುದನ್ನು ಹೊಡೆದುಹಾಕಿ, 'ಆಡಿದರೆಂದು ಕೆಲವು ಪಂಡಿತರು ಊಹಿಸಿದರು, ಕೆಲವರು ಅಲ್ಲಗಳೆದರು' ಎಂದು ಬರೆದುಕೊಳ್ಳಬೇಕಾಗಿ ಬೇಡುತ್ತೇನೆ. ಭಾಷಣದ ಬಹುಮಾನವನ್ನು ಜೂನ್ ತಿಂಗಳಲ್ಲಿ, ಇಡೀ ಶಾಲೆಯ ಮುಂದೆ, ಆ ಹುಡುಗಿಗೆ ಕೊಟ್ಟಾಯಿತು. ಈಗ ಶನಿವಾರಗಳಲ್ಲಿ ಅವಳೂ ನಾನೂ ಕೂತು ಗ್ರೀಕ್ ಅಕ್ಷರಗಳನ್ನು ತಿದ್ದುತ್ತಿದ್ದೇವೆ. ಇಪ್ಪತ್ತನಾಲ್ಕು ಅಕ್ಷರಗಳು ಅವಳಿಗೆ ಎರಡು ವಾರದಲ್ಲಿ ಬಂದವು. ನನಗೆ ಇನ್ನೂ ಬಂದಿಲ್ಲ.