ವಿದ್ಯಾರ್ಥಿವೇತನ: ಹಕ್ಕೋ, ಹಂಗೋ?

ವಿದ್ಯಾರ್ಥಿವೇತನದ ಪಟ್ಟಿ ನೋಟೀಸು ಬೋರ್ಡಿಗೆ ಬಂದ ದಿನ ನಮ್ಮ ಕಾಲೇಜಿನಲ್ಲಿ ಎರಡು ಬಗೆಯ ಮಾತು ಕೇಳಿಬರುವುದುಂಟು. "ಇವರಿಗೇನಪ್ಪ, ಪುಕ್ಕಟೆ ದುಡ್ಡು" ಎಂಬುದು ಒಂದು. "ಸರ್ಕಾರ ಕೊಡುತ್ತದೆ, ನಾವು ತೆಗೆದುಕೊಳ್ಳುತ್ತೇವೆ, ಯಾರಪ್ಪನ ಮನೆ ಗಂಟು?" ಎಂಬುದು ಇನ್ನೊಂದು. ಮೊದಲನೆಯ ಮಾತಿನಲ್ಲಿ ಹಣ ಪಡೆಯುವವನು ಭಿಕ್ಷುಕ. ಎರಡನೆಯದರಲ್ಲಿ ಅವನು ಸೂರೆಕೋರ. ಇವೆರಡೂ ಸರಿಯಲ್ಲವೆಂದು ಹೇಳುವುದಕ್ಕಾಗಿಯೇ ಈ ಲೇಖನ. ಮೂರು ವರ್ಷ ಈ ಹಣವನ್ನು ನೆಚ್ಚಿಕೊಂಡೇ ಓದಿದವನಾದ್ದರಿಂದ ಇಷ್ಟು ಹೇಳುವ ಅಧಿಕಾರ ನನಗುಂಟೆಂದು ಭಾವಿಸುತ್ತೇನೆ.

ಈ ಹಣಕ್ಕೆ ಹೆಸರಿಟ್ಟವರು ಅದನ್ನು ದಾನವೆನ್ನಲಿಲ್ಲ, ಬಹುಮಾನವೆನ್ನಲಿಲ್ಲ, ವೇತನವೆಂದರು. ವೇತನವೆಂಬುದು ದುಡಿಮೆಗೆ ಸಲ್ಲತಕ್ಕದ್ದು. ದುಡಿಯದೆ ಕೇಳುವ ಹಾಗಿಲ್ಲ. ದುಡಿದ ಮೇಲೆ ಕೊಡದೆ ಇರುವ ಹಾಗೂ ಇಲ್ಲ. ಓದುವುದೂ ಒಂದು ದುಡಿಮೆಯೆ ಎಂದು ಕೇಳುವವರು ಮಾಗಡಿ ತಾಲ್ಲೂಕಿನಲ್ಲಿರುವ ನಮ್ಮ ಮನೆಗೆ ಬಂದು ನೋಡಬೇಕು. ಇಪ್ಪತ್ತು ವರ್ಷದ ಗಂಡುಮಗ ರಾಗಿಯ ಹೊಲಕ್ಕೆ ಒದಗದೆ ಬೆಂಗಳೂರಿನಲ್ಲಿ ಪುಸ್ತಕ ಹಿಡಿದು ಕುಳಿತರೆ ಮನೆಗೆ ಎಷ್ಟು ಕೂಲಿ ನಷ್ಟವೆಂಬ ಲೆಕ್ಕ ನಮ್ಮ ತಾಯಿಗೆ ಬಾಯಿಪಾಠವಾಗಿದೆ. ನಮ್ಮ ವಂಶದಲ್ಲಿ ಬಿ.ಎ. ತನಕ ಬಂದವನು ನಾನೇ ಮೊದಲಿಗ. ಬಂದದ್ದರಲ್ಲಿ ಸರ್ಕಾರದ ಪಾಲಿರುವಂತೆ ಆ ತಾಯಿಯ ಪಾಲೂ ಇದೆ. ಅದಕ್ಕೆ ಯಾವ ಇಲಾಖೆಯಲ್ಲಿಯೂ ಲೆಕ್ಕವಿಲ್ಲ.

ಹಿಂದಿನ ಕಾಲದಲ್ಲಿ ಬಡ ವಿದ್ಯಾರ್ಥಿಗಿದ್ದ ದಾರಿ ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಉಣ್ಣಿಸಿದವರ ಪುಣ್ಯ ದೊಡ್ಡದು, ನಾನು ಅದನ್ನು ಅಲ್ಲಗಳೆಯುವವನಲ್ಲ. ಆದರೆ ಮನೆಯವರ ಮೋರೆ ಬಿಗಿದಿದ್ದ ದಿನ ಹುಡುಗನಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮೇಲಾಗಿ ಆ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲ. ಆಮೇಲೆ ಗುಬ್ಬಿ ತೋಟದಪ್ಪನವರಂಥ ಧರ್ಮಿಷ್ಠರ ನಿಲಯಗಳು ಬಂದವು, ಮಠಗಳ ನಿಲಯಗಳು ಬಂದವು. 1972ರಲ್ಲಿ ಡಿ. ದೇವರಾಜ ಅರಸರು ಮುಖ್ಯಮಂತ್ರಿಗಳಾದರು. 1975ರಲ್ಲಿ ಹಾವನೂರು ಆಯೋಗದ ವರದಿ ಬಂತು. ಹಿಂದುಳಿದ ವರ್ಗದ ಮಕ್ಕಳ ಓದು ದಾನಿಗಳ ಧರ್ಮವಾಗಿದ್ದದ್ದು ಸರ್ಕಾರದ ಹೊಣೆಯಾಯಿತು. ಈ ವ್ಯತ್ಯಾಸವನ್ನು ನಾವು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ವಾರಾನ್ನದಲ್ಲಿ ಇದ್ದದ್ದು ಮನಸ್ಸು. ವಿದ್ಯಾರ್ಥಿವೇತನದಲ್ಲಿ ಇರುವುದು ನಿಯಮ. ಮನಸ್ಸಿನ ಮುಂದೆ ಬೇಡಬೇಕು, ನಿಯಮದ ಮುಂದೆ ಕೇಳಬಹುದು.

ಆದರೆ ನಮ್ಮಲ್ಲನೇಕರು ಇನ್ನೂ ಬೇಡುತ್ತಲೇ ಇದ್ದೇವೆ. ಕಿಟಕಿಯ ಆಚೆ ಕುಳಿತವರನ್ನು "ಸ್ವಾಮಿ, ಒಂಚೂರು ನೋಡಿ" ಎಂದು ಅಂಗಲಾಚುತ್ತೇವೆ. ಅವರಾದರೂ "ಆನ್‌ಲೈನಿನಲ್ಲಿ ನೋಡಿಕೊಳ್ಳಿ" ಎಂದು ಬಿಡುತ್ತಾರೆ. ಕಳೆದ ವರ್ಷ ನನ್ನ ಕೊಠಡಿಯ ಗೆಳೆಯನೊಬ್ಬನಿಗೆ ಆದದ್ದು ಇದೇ. ಕಾಮಾಕ್ಷಿಪಾಳ್ಯದಲ್ಲಿ ನಾಲ್ವರು ಸೇರಿ ಒಂದು ಕೊಠಡಿ ಹಿಡಿದಿದ್ದೆವು; ತಲೆಗೆ 2,000 ರೂಪಾಯಿ ಬಾಡಿಗೆ. ವಿದ್ಯಾರ್ಥಿನಿಲಯದಲ್ಲಿ ಸ್ಥಳ ದೊರೆಯದವರಿಗೆಂದು 2013-14ರಲ್ಲಿ ವಿದ್ಯಾಸಿರಿ ಯೋಜನೆಯನ್ನು ತಂದಾಗ ಊಟಕ್ಕೂ ವಸತಿಗೂ ಸೇರಿ ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000 ರೂಪಾಯಿ ಗೊತ್ತುಮಾಡಿದರು. ಅಷ್ಟರಲ್ಲಿ ಬಾಡಿಗೆಯೇ ತೀರದೆಂಬುದು ಬೇರೆ ಮಾತು. ಗೆಳೆಯನ ಅರ್ಜಿ ಮಂಜೂರಾಗಿತ್ತು, ಹಣ ಮಾತ್ರ ಬರಲಿಲ್ಲ. ನಾಲ್ಕು ಸಲ ಕಚೇರಿಗೆ ಅಲೆದ. ನಾಳೆ ಬಾ ಎಂದರು, ಮುಂದಿನ ವಾರ ಬಾ ಎಂದರು. ಅವನು ರಾತ್ರಿ ಹೊತ್ತು ವಿಜಯನಗರ, ನಾಗರಭಾವಿಗಳ ಕಲ್ಯಾಣಮಂಟಪಗಳಲ್ಲಿ ಬಡಿಸುವ ಕೆಲಸಕ್ಕೆ ಸೇರಿದ. ಬೆಳಗಿನ ತರಗತಿಗಳು ತಪ್ಪಿದವು, ಹಾಜರಾತಿ ಬಿತ್ತು, ಪರೀಕ್ಷೆಗೆ ಕೂರಲಾಗಲಿಲ್ಲ. ಕೊನೆಗೆ ತಿಳಿದುಬಂದದ್ದೇನು? ಹಣ ಬಂದೇ ಇತ್ತು. ಸರ್ಕಾರ ಈಗ ಹಣವನ್ನು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರ್ ಸಂಖ್ಯೆಗೆ ಜೋಡಣೆಯಾಗಿರುವ ಖಾತೆಗೆ ಕಳುಹಿಸುತ್ತದೆ. ಅವನು ಹೈಸ್ಕೂಲಿನಲ್ಲಿದ್ದಾಗ ಊರಿನಲ್ಲಿ ತೆರೆದು ಮರೆತಿದ್ದ ಖಾತೆಯೊಂದಕ್ಕೆ ಆ ಜೋಡಣೆ ಇತ್ತು. ಕಿಟಕಿಯ ಆಚೆ ಕುಳಿತವರಲ್ಲಿ ಒಬ್ಬರಾದರೂ ಎರಡು ನಿಮಿಷ ನೋಡಿ ಈ ಒಂದು ಮಾತು ಹೇಳಿದ್ದರೆ ಅವನು ಈ ವರ್ಷ ನಮ್ಮೊಡನೆ ಕಡೆಯ ಬೆಂಚಿನಲ್ಲಿ ಕುಳಿತಿರುತ್ತಿದ್ದ. ಈಗ ಕೆಂಗೇರಿಯ ಕಡೆ ಮನೆಮನೆಗೆ ಪಾರ್ಸೆಲು ಮುಟ್ಟಿಸುತ್ತಿದ್ದಾನೆ.

ಆದುದರಿಂದ ನನ್ನ ಮಟ್ಟಿಗೆ ವಿದ್ಯಾರ್ಥಿಯ ಮೊದಲ ಹಕ್ಕು ಹಣವಲ್ಲ, ಉತ್ತರ. ಬಂದಿಲ್ಲವೆಂದರೆ ಏಕೆ ಬಂದಿಲ್ಲ, ತಿರಸ್ಕರಿಸಿದ್ದರೆ ಯಾವ ಕಾರಣಕ್ಕೆ, ಎಲ್ಲಿ ನಿಂತಿದೆ, ಯಾರ ಬಳಿ ನಿಂತಿದೆ? ಇದಕ್ಕೆ ಕಾನೂನಿನ ಬಲವೂ ಇಲ್ಲದಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಹತ್ತು ರೂಪಾಯಿ ಕಟ್ಟಿ ಅರ್ಜಿ ಬರೆದರೆ ಮೂವತ್ತು ದಿನದೊಳಗೆ ಮಾಹಿತಿ ಕೊಡಬೇಕು. ಜಾತಿ ಮತ್ತು ಆದಾಯದ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟವರಿಗೆ 2011ರ ಸಕಾಲ ಕಾಯಿದೆ ಇದೆ. ಗೊತ್ತಾದ ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ ಕೇಳಬಹುದು. ಕೇಳಿದವರನ್ನು ನಾನಂತೂ ಕಂಡಿಲ್ಲ! ಎರಡನೆಯ ಹಕ್ಕು ಮಾನ. ತರಗತಿಯ ನಡುವೆ "ಸ್ಕಾಲರ್‌ಷಿಪ್ಪಿನವರು ಎದ್ದುನಿಲ್ಲಿ" ಎನ್ನುವ ಪದ್ಧತಿ ಎಲ್ಲಿದ್ದರೂ ಅದು ನಿಲ್ಲಬೇಕು. ಅಧ್ಯಾಪಕರು ಇದನ್ನು ಕೆಟ್ಟ ಉದ್ದೇಶದಿಂದ ಮಾಡುವುದಿಲ್ಲ, ಬಲ್ಲೆ. ಆದರೆ ಎದ್ದುನಿಲ್ಲುವವನಿಗೆ ತನ್ನ ಜಾತಿಯೂ ಬಡತನವೂ ಒಟ್ಟಿಗೆ ಎದ್ದುನಿಂತಂತಾಗುತ್ತದೆ.

ಮಾನದ ಮಾತು ಬಂದಾಗ ನನಗೆ ನೆನಪಾಗುವುದು ಡಾ. ಅಂಬೇಡ್ಕರರ ವಿದ್ಯಾರ್ಥಿವೇತನದ ಕಥೆ. 1913ರಲ್ಲಿ ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 11.5 ಪೌಂಡಿನಂತೆ ಮೂರು ವರ್ಷ ಹಣ ಕೊಟ್ಟು ಅವರನ್ನು ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ಹಿಂದಿರುಗಿ ಹತ್ತು ವರ್ಷ ಬರೋಡೆಯ ಸಂಸ್ಥಾನದಲ್ಲಿ ಸೇವೆ ಮಾಡಬೇಕೆಂದು ಒಪ್ಪಂದ. ಅವರು ಮಾತಿಗೆ ತಪ್ಪಲಿಲ್ಲ. 1917ರಲ್ಲಿ ಬರೋಡೆಗೆ ಬಂದರು. ಆದರೆ ಆ ಪಟ್ಟಣದಲ್ಲಿ ಅವರಿಗೆ ಇರಲು ಒಂದು ಮನೆ ಸಿಗಲಿಲ್ಲ. ಇಳಿದುಕೊಂಡಿದ್ದ ಪಾರ್ಸಿ ವಸತಿಗೃಹದಿಂದಲೂ ಜನ ದೊಣ್ಣೆ ಹಿಡಿದು ಬಂದು ಹೊರಡಿಸಿದರು. ಪಡೆದವನು ಕರಾರು ಪಾಲಿಸಲು ಸಿದ್ಧನಿದ್ದ. ಪಾಲಿಸಲು ಬೇಕಾದ ಒಂದು ಸೂರನ್ನು ಆ ಊರು ಕೊಡಲಿಲ್ಲ. ಇಲ್ಲಿ ಕರಾರು ಮುರಿದವರು ಯಾರು? ಮುಂದೆ 1944ರಲ್ಲಿ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾದಾಗ ಅದೇ ಅಂಬೇಡ್ಕರರು ವೈಸರಾಯರ ಕಾರ್ಯಕಾರಿ ಮಂಡಲಿಯ ಸದಸ್ಯರಾಗಿದ್ದರು. ಸಾಲ ಕೊಟ್ಟ ಬಾಗಿಲಿಗೇ ಹೋಗಿ ತೀರಿಸಬೇಕೆಂಬ ನಿಯಮ ಇಂಥ ಋಣಕ್ಕೆ ಇಲ್ಲವೆಂದು ನಾನು ತಿಳಿಯುತ್ತೇನೆ. ನಮ್ಮ ವಿಶ್ವೇಶ್ವರಯ್ಯನವರನ್ನೇ ನೋಡಿ: ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಇಂಜಿನಿಯರಿಂಗ್ ಓದಿದರು, 1884ರಲ್ಲಿ ಸೇರಿದ್ದು ಮುಂಬಯಿ ಸರ್ಕಾರದ ಕೆಲಸಕ್ಕೆ. ಮೈಸೂರಿಗೆ ಮುಖ್ಯ ಇಂಜಿನಿಯರಾಗಿ ಬಂದದ್ದು 1909ರಲ್ಲಿ. ಇಪ್ಪತ್ತೈದು ವರ್ಷ ತಡವಾಗಿ ಬಂದ ಆ ಬಡ್ಡಿಯನ್ನು ಮಂಡ್ಯದ ಗದ್ದೆಗಳು ಇಂದಿಗೂ ಉಣ್ಣುತ್ತಿವೆ.

ಇನ್ನು ನಮ್ಮ ಹೊಣೆಯ ಮಾತು. ಇಲ್ಲಿ ಮಿತ್ರರು ಮುನಿಸಿಕೊಂಡರೂ ಹೇಳದೆ ಇರಲಾರೆ. ಸುಳ್ಳು ಆದಾಯ ಪ್ರಮಾಣಪತ್ರ ತಂದು, ಹಣ ಬಂದ ಮೇಲೆ ಕ್ಯಾಂಟೀನಿನಲ್ಲಿ ಅದನ್ನೇ ಜಾಣತನವೆಂದು ಹೇಳಿಕೊಳ್ಳುವವರು ಎಲ್ಲ ಕಾಲೇಜಿನಲ್ಲಿಯೂ ಇದ್ದಾರೆ. ಸರ್ಕಾರದ ಬೊಕ್ಕಸ ದೊಡ್ಡದು, ನನ್ನೊಬ್ಬನಿಂದ ಏನು ಎಂಬುದು ಅವರ ವಾದ. ಬೊಕ್ಕಸ ದೊಡ್ಡದಿರಬಹುದು, ಅನುದಾನ ಚಿಕ್ಕದು. ಆ ಮಿತಿಯೊಳಗೆ ಆಯ್ಕೆ ನಡೆಯುವಾಗ ಸುಳ್ಳಿನವನು ಒಳಗೆ ಬಂದರೆ ನಿಜದವನೊಬ್ಬ ಹೊರಗೆ ಬೀಳುತ್ತಾನೆ. ಅವನು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಮೋಸ ಸುಲಭವಾಗಿದೆ. ಹಣವನ್ನು ಓದಿಗೇ ಖರ್ಚುಮಾಡಬೇಕೆಂಬ ಬುದ್ಧಿವಾದವನ್ನು ಮಾತ್ರ ನಾನು ಅಷ್ಟು ಒಪ್ಪುವುದಿಲ್ಲ. ಊರಿನಲ್ಲಿ ತಂದೆಗೆ ಜ್ವರ ಬಂದಾಗ ಅದೇ ಹಣದಿಂದ ಔಷಧಿ ತಂದವನು ಓದಿಗೆ ದ್ರೋಹ ಮಾಡಿದನೆಂದು ಯಾರು ಹೇಳಬಲ್ಲರು? ಹಾಜರಾತಿಯ ನಿಯಮ ನ್ಯಾಯವಾದದ್ದೇ. ಆದರೆ ಹಣ ಮಾರ್ಚಿಯಲ್ಲಿ ಕೊಟ್ಟು ಹಾಜರಾತಿಯನ್ನು ಆಗಸ್ಟಿನಿಂದ ಎಣಿಸುವುದು, ಬಿತ್ತನೆ ಬೀಜವನ್ನು ಸುಗ್ಗಿಯಲ್ಲಿ ಹಂಚಿ ಫಸಲೆಲ್ಲಿ ಎಂದು ಕೇಳಿದ ಹಾಗೆ.

ಸರ್ಕಾರದ ಅನ್ನ ಉಂಡು ಸರ್ಕಾರವನ್ನೇ ಟೀಕಿಸಬಹುದೆ ಎಂದು ಕೆಲವು ಹಿರಿಯರು ಕೇಳುತ್ತಾರೆ. ಕೃತಜ್ಞತೆ ಬೇಕು, ನಿಜ. ಯಾರಿಗೆ? ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಹೊಲಿಯುವ ಹೆಂಗಸು ಬೆಂಕಿಪೊಟ್ಟಣ ಕೊಂಡಾಗಲೂ ತೆರಿಗೆ ತೆರುತ್ತಾಳೆ. ಈ ಹಣದಲ್ಲಿ ಅವಳ ಬೆವರಿದೆ. ಕಚೇರಿಯ ತಪ್ಪನ್ನು ಕಂಡೂ ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವಳಿಗೆ ಯಾವ ಉಪಕಾರವಾಯಿತು?

ಒಂದು ಸೂಚನೆಯನ್ನು ಪ್ರಾಂಶುಪಾಲರ ಮುಂದಿಡುತ್ತೇನೆ. ಅರ್ಜಿ ಹಾಕುವ ತಿಂಗಳುಗಳಲ್ಲಿ, ವಾರಕ್ಕೆ ಎರಡು ದಿನ, ಮಧ್ಯಾಹ್ನ ಒಂದು ಗಂಟೆ, ಹಣ ಪಡೆದ ಅಂತಿಮ ವರ್ಷದವರು ಗ್ರಂಥಾಲಯದ ಜಗಲಿಯಲ್ಲಿ ಕುಳಿತು ಮೊದಲ ವರ್ಷದವರಿಗೆ ನೆರವಾಗಲಿ. ಪ್ರಮಾಣಪತ್ರದ ಆರ್.ಡಿ. ಸಂಖ್ಯೆಯನ್ನು ಸರಿಯಾಗಿ ತುಂಬುವುದು, ಮೂರೂ ದಾಖಲೆಯಲ್ಲಿ ಹೆಸರಿನ ಅಕ್ಷರ ಒಂದೇ ಇದೆಯೆ ನೋಡುವುದು, ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೆಂದು ಮೊದಲೇ ವಿಚಾರಿಸುವುದು, ಇಷ್ಟೇ ಕೆಲಸ. ಬೇಕಾದದ್ದು ಒಂದು ಮೇಜು, ಎರಡು ಕುರ್ಚಿ. ಪರೀಕ್ಷೆ ಮುಗಿದ ಮೇಲೂ ಫಲಿತಾಂಶದವರೆಗೆ ನಾನು ಕಾಮಾಕ್ಷಿಪಾಳ್ಯದಲ್ಲಿಯೇ ಇರುವವನು. ಮಂಗಳವಾರ ಮತ್ತು ಶುಕ್ರವಾರ ನನಗೆ ಬಿಡುವುಂಟು.