ಮೀಸಲು ಸೇನಾಧಿಕಾರಿಗಳ ವಿಶ್ರಾಂತಿವೇತನ

ಶಾಂತಿಕಾಲದಲ್ಲಿ ಅಂಗಡಿಯನ್ನೋ ಶಾಲೆಯನ್ನೋ ನೋಡಿಕೊಂಡಿದ್ದು, ಯುದ್ಧ ಬಂದೊಡನೆ ಸಮವಸ್ತ್ರ ತೊಡಬೇಕಾದವರು ಮೀಸಲು ಸೇನಾಧಿಕಾರಿಗಳು. 1950ರಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ಅಮೆರಿಕವು ಎರಡನೆಯ ಮಹಾಯುದ್ಧದಲ್ಲಿ ಹೋರಾಡಿ ಮನೆಗೆ ಮರಳಿದ್ದ ಇಂಥ ಅನೇಕರನ್ನು ಪುನಃ ಕರೆಯಿತು. ಇವರ ಬಡ್ತಿಗೆ ಕ್ರಮವಾದ ಶಾಸನ ದೊರೆತದ್ದು ಆ ಯುದ್ಧ ನಿಂತ ಮೇಲೆ, 1954ರಲ್ಲಿ.

ವಿಶ್ರಾಂತಿವೇತನದ ಕಥೆ ಇನ್ನೂ ವಿಚಿತ್ರ. ಖಾಯಂ ಅಧಿಕಾರಿಗೆ 20 ವರ್ಷ ಮುಗಿದೊಡನೆ ಅದು ಬರುತ್ತದೆ. ಮೀಸಲಿನವನು 20 ವರ್ಷದ ಅರ್ಹ ಸೇವೆ ಸಲ್ಲಿಸಿದರೂ 1948ರ ಶಾಸನದಂತೆ 60 ತುಂಬುವವರೆಗೆ ಕಾಯಬೇಕಾಯಿತು. 2008ರಲ್ಲಿ, ಕರೆಸಿಕೊಂಡು ಮಾಡಿಸಿದ ಸೇವೆಯ ಪ್ರತಿ 90 ದಿನಕ್ಕೆ ಈ ವಯಸ್ಸನ್ನು 3 ತಿಂಗಳಂತೆ ಇಳಿಸಿದರು. ಆದರೆ ಆ ವರ್ಷದ ಜನವರಿ 28ರ ಈಚಿನ ಸೇವೆ ಮಾತ್ರ ಲೆಕ್ಕಕ್ಕೆ! ಹಾಗಾದರೆ 2003ರಲ್ಲಿ ಇರಾಕಿಗೆ ಹೋದವನ ದಿನಗಳು ದಿನಗಳಲ್ಲವೆ? ಹಿಂದಿನದನ್ನೂ ಸೇರಿಸಿದರೆ ಬೊಕ್ಕಸಕ್ಕೆ ಹೊರೆಯೆಂಬ ವಾದವುಂಟು. ನಮ್ಮ ಮನೆತನದಲ್ಲಿ ವಿಶ್ರಾಂತಿವೇತನ ಪಡೆದವರೇ ಇಲ್ಲ. ಆದರೂ ದುಡಿಸಿಕೊಂಡ ಆಳಿನ ಹಾಜರಿ ಅಳಿಸಬಾರದೆಂಬುದು ಓದು ಬಾರದ ನಮ್ಮ ತಂದೆಗೂ ಗೊತ್ತು. 2001ರ ಸೆಪ್ಟೆಂಬರಿನಿಂದಲೇ ಎಣಿಸಿ, ಈಗಾಗಲೇ 60 ದಾಟಿದವರಿಗೆ ಬಾಕಿಯನ್ನೂ ಕೊಡಬೇಕೆಂದು ನನ್ನ ನಮ್ರ ಅಭಿಪ್ರಾಯ.